ಲೆಕ್ಕಕ್ಕೆ ಬಾರದ ಎರಡು ಸಲ

ನನಗೆ ಕೂತುಕೊಳ್ಳಲು ಬರುವುದಿಲ್ಲ. ಸಣ್ಣವಳಿದ್ದಾಗಿನಿಂದ ಹೀಗೇ. ಊಟಕ್ಕೆ ಕೂತರೂ ಒಂದು ಮುದ್ದೆ ಮುಗಿಯುವಷ್ಟರಲ್ಲಿ ಮೂರು ಸಲ ಎದ್ದಿರುತ್ತೇನೆ. ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ಹದಿಮೂರು ವರ್ಷವಾಯಿತು. ಕಂಡಕ್ಟರಿಗೆ ಅಂತ ಇರುವ ಸೀಟಿನಲ್ಲಿ ನಾನು ಕೂತದ್ದಕ್ಕಿಂತ ಯಾರದೋ ತರಕಾರಿ ಚೀಲ ಕೂತದ್ದೇ ಹೆಚ್ಚು. ಇಂಥವಳಿಗೆ ಆ ದೇವರು ಹುಡುಕಿ ಹುಡುಕಿ ಕೊಟ್ಟ ಕಾಯಿಲೆ ನೋಡಿ: ಕಾಯುವುದು, ಮಲಗುವುದು, ಅಲ್ಲಾಡದೆ ಇರುವುದು, ಆಮೇಲೆ ಮತ್ತೆ ಕಾಯುವುದು. ಯಾರಿಗೋ ಧೈರ್ಯ ಹೇಳುವಷ್ಟು ದೊಡ್ಡವಳು ನಾನಲ್ಲ. ಆದರೆ ಈಗಲೂ ಯಾವುದೋ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂರಲಾಗದೆ ಅತ್ತಿಂದಿತ್ತ ಸುತ್ತುತ್ತಿರುವ ಹೆಂಗಸು ಒಬ್ಬಳಿದ್ದಾಳೆ ಅಂತ ನನಗೆ ಗೊತ್ತು. ಅವಳು ನಾನು ಮಾಡಿದ್ದನ್ನು ಮಾಡದಿರಲಿ ಅಂತ ಇಷ್ಟು ಬರೆಯುತ್ತಿದ್ದೇನೆ.

ನಮ್ಮ ಮನೆ ಕೆಂಗೇರಿಯಲ್ಲಿ. ಗಂಡ ನಾಗರಾಜು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಮೆಷಿನ್ ನಡೆಸುತ್ತಾರೆ. ಮಾತು ಕಡಿಮೆ. ಆ ಕೊರತೆಯನ್ನು ಅವರ ತಾಯಿ ಕೆಂಪಮ್ಮ ತುಂಬಿಕೊಡುತ್ತಾರೆ. ಕೆಂಗೇರಿ ಇನ್ನೂ ಹಳ್ಳಿಯಾಗಿದ್ದಾಗ ಸೊಸೆಯಾಗಿ ಬಂದವರು ಅವರು, ಈಗ ನಮ್ಮ ಲೇಔಟ್ ಇರುವ ಜಾಗದಲ್ಲಿ ರಾಗಿ ಕೊಯ್ದವರು. ನನ್ನ ರೂಟು ಕೆಂಗೇರಿಯಿಂದ ಹೊರಟು ನಾಯಂಡಹಳ್ಳಿ, ವಿಜಯನಗರ, ಬಸವೇಶ್ವರನಗರ, ರಾಜಾಜಿನಗರ ದಾಟಿ ಯಶವಂತಪುರಕ್ಕೆ ಹೋಗುತ್ತದೆ. ಡ್ರೈವರ್ ಬಸವರಾಜ ಬಾಗಲಕೋಟೆ ಕಡೆಯವರು. ನಾಲ್ಕು ವರ್ಷದಿಂದ ನಾವಿಬ್ಬರೂ ಒಂದೇ ಗಾಡಿಯಲ್ಲಿದ್ದೇವೆ. ನನ್ನನ್ನು ‘ಅಕ್ಕಾರ’ ಅಂತಾರೆ.

ನಮ್ಮಂಥ ಲೇಡಿ ಕಂಡಕ್ಟರುಗಳದ್ದು ಒಂದು ಅಭ್ಯಾಸವಿದೆ. ಡ್ಯೂಟಿ ಹತ್ತಿದ ಮೇಲೆ ನಾವು ನೀರು ಕುಡಿಯುವುದಿಲ್ಲ. ಗಂಡಸರು ಎಲ್ಲಿಯಾದರೂ ಗಾಡಿಯ ಮರೆಗೆ ಹೋಗಿ ಬರುತ್ತಾರೆ, ನಾವು ಎಲ್ಲಿಗೆ ಹೋಗುವುದು? ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಳಬರೊಬ್ಬರು ನನಗೆ ಮೊದಲು ಹೇಳಿಕೊಟ್ಟದ್ದೇ ಇದು. ಬೆಳಿಗ್ಗೆ ಅರ್ಧ ಲೋಟ ಕಾಫಿ, ಆಮೇಲೆ ತುಟಿ ಒದ್ದೆಯಾಗುವಷ್ಟು ನೀರು, ಮಿಕ್ಕಿದ್ದೆಲ್ಲ ಮನೆಗೆ ಬಂದ ಮೇಲೆ. ಎಂಟು ಗಂಟೆ ತಡೆದುಕೊಳ್ಳುವುದು ನನಗೆ ನೀರು ಕುಡಿದಷ್ಟು ಸಲೀಸಾಗಿತ್ತು. ಅದರಲ್ಲಿ ಸ್ವಲ್ಪ ಜಂಬವೂ ಇತ್ತು.

ಅದಕ್ಕೇ ಕಾಲು ಊದಿದಾಗ ನಾನು ಲಕ್ಷ್ಯ ಕೊಡಲಿಲ್ಲ. ದಿನವೆಲ್ಲ ನಿಲ್ಲುವವಳ ಕಾಲು ಊದದೆ ಇನ್ನೇನು? ಬೆರಳಿನ ಗೆಣ್ಣು ನೋಯುತ್ತಿತ್ತು, ಟಿಕೆಟ್ ಮೆಷಿನ್ ಒತ್ತಿ ಒತ್ತಿ ಅಂದುಕೊಂಡೆ. ಮಧ್ಯಾಹ್ನದ ಬಿಸಿಲಿಗೆ ಕೆನ್ನೆ ಕೆಂಪಗೆ ಉರಿಯುತ್ತಿತ್ತು, ಯಾರ ಕೆನ್ನೆ ಉರಿಯುವುದಿಲ್ಲ? ಬಚ್ಚಲಲ್ಲಿ ಸೋಪಿನ ನೊರೆಯ ಹಾಗೆ ನೊರೆ ನಿಲ್ಲುವುದನ್ನು ಮಾತ್ರ ಅತ್ತೆ ನೋಡಿದರು. ಅವರಿಗೆ ಕಾರಣ ತಕ್ಷಣ ಗೊತ್ತಾಯಿತು.

“ಇಂಜಿನ್ ಪಕ್ಕ ನಿಂತೂ ನಿಂತೂ ಮೈಯೆಲ್ಲ ಉಷ್ಣ ಕಣವ್ವ. ಎಳನೀರು ಕುಡಿ, ಇಳೀತದೆ.”

ಒಂದು ವಾರ ಎಳನೀರು ಕುಡಿದೆ. ಇಳಿಯಲಿಲ್ಲ. ಒಂದು ದಿನ ಮಾಗಡಿ ರೋಡ್ ಟೋಲ್‌ಗೇಟಿನಲ್ಲಿ ಜನ ಹತ್ತಿಸಿಕೊಂಡು ಮತ್ತೆ ಮೆಟ್ಟಿಲು ಹತ್ತುವಾಗ ಉಸಿರು ಸಿಗದೆ ಕಂಬ ಹಿಡಿದು ನಿಂತುಬಿಟ್ಟೆ. ಬಸವರಾಜ ಕನ್ನಡಿಯಲ್ಲಿ ನೋಡಿದವರು ಆ ಟ್ರಿಪ್ ಮುಗಿದ ಮೇಲೆ ಗಾಡಿ ಹೊರಡಿಸಲೇ ಇಲ್ಲ. ದವಾಖಾನೆಗೆ ಹೋಗುವ ತನಕ ಸ್ಟೇರಿಂಗ್ ಮುಟ್ಟುವುದಿಲ್ಲ ಅಂತ ಹಟ ಹಿಡಿದು ಕೂತರು. ನಾನು ಬೈದುಕೊಂಡೇ ಹೋದೆ.

ಆಸ್ಪತ್ರೆಯ ಹೆಸರು ಬೇಡ. ಕಿಡ್ನಿ ಡಾಕ್ಟರು ಒಬ್ಬರು ಮೇಡಂ, ನನ್ನ ವಯಸ್ಸಿನವರೇ ಇರಬೇಕು, ಕಣ್ಣಿನ ಕೆಳಗೆ ಕಪ್ಪು. ರಕ್ತ, ಮೂತ್ರ ಎಲ್ಲ ನೋಡಿ, ಕಿಡ್ನಿಯಿಂದ ಒಂದು ಚೂರು ತೆಗೆದು ಪರೀಕ್ಷೆ ಮಾಡಬೇಕು ಅಂದರು. ಬಯಾಪ್ಸಿ. ಹೊಟ್ಟೆಯ ಕೆಳಗೆ ದಿಂಬು ಕೊಟ್ಟು ಬೋರಲು ಮಲಗಿಸಿದರು. “ಉಸಿರು ಹಿಡ್ಕೊಳ್ಳಿ” ಅಂದಾಗ ಹಿಡಿದೆ. ಸ್ಟೇಪ್ಲರ್ ಒತ್ತಿದ ಹಾಗೆ ಟಕ್ ಅಂತ ಸದ್ದು. ನೋವು ಅಷ್ಟೇನಿಲ್ಲ. ನಿಜವಾದ ಶಿಕ್ಷೆ ಆಮೇಲೆ ಬಂತು. ಸಂಜೆಯ ತನಕ ಅಂಗಾತ ಮಲಗಬೇಕು, ಮಗ್ಗುಲಾಗುವ ಹಾಗಿಲ್ಲ, ಒಳಗೆ ರಕ್ತ ಸೋರಬಾರದು. ಹತ್ತು ನಿಮಿಷಕ್ಕೆ ನನ್ನ ಕಾಲು ತಾನಾಗಿ ಕುಣಿಯತೊಡಗಿತು. ಅತ್ತೆ ಮಂಚದ ಕಾಲ್ದೆಸೆಯಲ್ಲಿ ಸ್ಟೂಲು ಎಳೆದುಕೊಂಡು ಎರಡೂ ಕೈಯಲ್ಲಿ ನನ್ನ ಕಣಕಾಲು ಹಿಡಿದುಕೊಂಡರು. ಹಸು ಕರೆಯುವಾಗ ಅದರ ಹಿಂಗಾಲು ಕಟ್ಟುತ್ತಿದ್ದೆ, ಈಗ ನಿನ್ನದು, ಅಂತ ಗೊಣಗಿದರು. ಸಂಜೆಯವರೆಗೆ ಕೈ ಬಿಡಲಿಲ್ಲ, ಕಾಫಿಗೂ ಏಳಲಿಲ್ಲ.

ನಾಲ್ಕು ದಿನಕ್ಕೆ ಕಾಯಿಲೆಗೆ ಹೆಸರು ಬಂತು: ಲೂಪಸ್. ಅದು ಕಿಡ್ನಿಗೆ ಇಳಿದಿತ್ತು. ನಮ್ಮ ಮೈ ಕಾಯಬೇಕಾದ ಜೀವಕೋಶಗಳೇ ದಾರಿ ತಪ್ಪಿ ನಮ್ಮ ಕಿಡ್ನಿಯ ಮೇಲೆ ಬೀಳುವ ಕಾಯಿಲೆ ಅಂದರು ಮೇಡಂ. ಯಾಕೆ ಅಂತ ಕೇಳಿದೆ, ಯಾರಿಗೂ ಪೂರ್ತಿ ಗೊತ್ತಿಲ್ಲ ಅಂದರು. ಸರಿ, ಯಾವ ಕೋಶ ಅಂತ ಕೇಳಿದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು.

“ಅದೇ ದೊಡ್ಡ ಪ್ರಶ್ನೆ. ಬೇರೆ ಬೇರೆ ಥರದ ಕೋಶಗಳಿರ್ತವೆ. ಎಲ್ಲರಲ್ಲೂ ಒಂದೇ ಕೋಶ ತಪ್ಪು ಮಾಡಿರಲ್ಲ. ಈಗ ಸದ್ಯಕ್ಕೆ ಎಲ್ಲವನ್ನೂ ಸ್ವಲ್ಪ ಸುಮ್ಮನಾಗಿಸೋ ಔಷಧಿ ಕೊಡ್ತೀನಿ. ಬಗ್ಗಿದ್ರೆ ಒಳ್ಳೇದು. ಬಗ್ಗದಿದ್ರೆ ಯಾವುದು ಅಂತ ಹುಡುಕಬೇಕು.”

ಬಗ್ಗದಿದ್ದರೆ ಡಯಾಲಿಸಿಸ್ ಅಂತ ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಹೊರಗಿನ ಕಾರಿಡಾರಿನ ತುದಿಯಲ್ಲಿ ಆ ಕೋಣೆಯ ಬೋರ್ಡು ದೊಡ್ಡದಾಗಿಯೇ ಇತ್ತು. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ, ಮೆಷಿನ್ ಪಕ್ಕ ಮಲಗಿರುವುದು. ಸಾಯುವುದಕ್ಕಿಂತ ನನಗೆ ಆ ಮಲಗುವುದರ ಭಯವೇ ಜಾಸ್ತಿಯಾಗಿತ್ತು. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಹಾಗೆಯೇ. ನಾಗರಾಜು ಮನೆಗೆ ಬಂದು ಸ್ಕೂಟರಿನ ಚಕ್ರ ಬಿಚ್ಚಿ ತೊಳೆದರು, ಮಾರನೇ ದಿನ ಇನ್ನೊಂದು ಚಕ್ರ ಬಿಚ್ಚಿದರು.

ಸ್ಟೀರಾಯ್ಡ್ ಶುರುವಾಯಿತು. ಮೊದಲೇ ಕೂರಲಾಗದವಳಿಗೆ ಸ್ಟೀರಾಯ್ಡ್ ಕೊಟ್ಟರೆ ಏನಾಗಬೇಡ! ನಿದ್ದೆ ಹಾರಿಹೋಯಿತು, ಕೈ ನಡುಗಿತು, ಹಸಿವೋ ಹಸಿವು. ಮುಖ ಉಬ್ಬಿ ಗುಂಡಗಾಯಿತು. ಅಡುಗೆಗೆ ಉಪ್ಪು ಬೇಡ ಅಂದಿದ್ದರು. ಉಪ್ಪಿಲ್ಲದ ಬಸ್ಸಾರನ್ನು ಎದುರಿಗಿಟ್ಟುಕೊಂಡು ಒಂದು ದಿನ ನಾನು ಅತ್ತೇಬಿಟ್ಟೆ. ಅಂದಿನಿಂದ ಅತ್ತೆ ತಮ್ಮ ತಟ್ಟೆಗೂ ಅದೇ ಸಾರು ಬಡಿಸಿಕೊಳ್ಳತೊಡಗಿದರು. ಮಗನಿಗೆ ಮಾತ್ರ ಉಪ್ಪಿನ ಡಬ್ಬಿ ಪಕ್ಕದಲ್ಲಿಡುತ್ತಿದ್ದರು. ನಾನು ಬೇಡವೆಂದು ಜಗಳಕ್ಕೆ ನಿಂತೆ. ತನ್ನ ನಾಲಿಗೆ ತನ್ನಿಷ್ಟ, ನೀನ್ಯಾರು ಕೇಳುವುದಕ್ಕೆ ಅಂದರು.

ಎರಡು ತಿಂಗಳಾದ ಮೇಲೆ ಡಿಪೋದಲ್ಲಿ ಲೈಟ್ ಡ್ಯೂಟಿ ಕೊಡುತ್ತೇವೆ ಅಂದರು. ಅಂದರೆ ಒಂದು ಕೋಣೆ, ಒಂದು ಕುರ್ಚಿ, ಒಂದು ರಿಜಿಸ್ಟರು. ಮೂರು ದಿನ ಮಾಡಿದೆ. ನಾಲ್ಕನೇ ದಿನ ನಾನೇ ಹೋಗಿ ರೂಟು ಕೊಡಿ ಅಂತ ಕೇಳಿಕೊಂಡೆ. ಡಾಕ್ಟರೂ ಬಿಸಿಲಿಗೆ ಮೈಯೊಡ್ಡದ ಹಾಗೆ ಇರುವುದಾದರೆ ಸರಿ ಅಂದರು. ಮತ್ತೆ ಚೀಲ ನೇತುಹಾಕಿಕೊಂಡು ಬಸ್ಸು ಹತ್ತಿದಾಗ ನನಗೆ ಜೀವ ಬಂದ ಹಾಗಾಯಿತು. ದಿನಾ ಬರುವ ಪ್ರಯಾಣಿಕರು ಗುಂಡು ಮುಖ ನೋಡಿ ಹೊಸ ಕಂಡಕ್ಟರ್ ಅಂದುಕೊಂಡರು. ಟಿಕೆಟ್ ಕೇಳಿದ ಮೇಲೆ ಗುರುತು ಹಿಡಿದರು, ಏಕೆಂದರೆ ನಾನು ಟಿಕೆಟ್ ವಿಷಯದಲ್ಲಿ ಬಹಳ ಕೆಟ್ಟವಳು. ಹೆಂಗಸರಿಗೆ ಪ್ರಯಾಣ ಫ್ರೀ ಆಗಿದೆ, ಆದರೂ ಸೊನ್ನೆ ಟಿಕೆಟ್ ಹರಿದುಕೊಡಲೇಬೇಕು. ಫ್ರೀ ಅಂದ ಮೇಲೆ ಆ ಚೀಟಿ ಯಾಕಮ್ಮ ಅಂತ ದಿನಕ್ಕೆ ಹತ್ತು ಜನ ಜಗಳ ತೆಗೆಯುತ್ತಾರೆ. ಗಾಡಿಯಲ್ಲಿ ಎಷ್ಟು ಜನ ಇದ್ದರು ಅಂತ ಲೆಕ್ಕ ಬೇಕಮ್ಮ, ಚೀಟಿ ಇಲ್ಲದಿದ್ದರೆ ನೀನು ಬಸ್ಸಲ್ಲೇ ಇಲ್ಲ ಅಂತ ಅರ್ಥ, ಅಂತ ನಾನು ಪಾಠ ಹೇಳುತ್ತಿದ್ದೆ. ಹೀಗೆ ಪಾಠ ಹೇಳಿದವಳು ಏನು ಮಾಡಿದೆ ಅಂತ ಈಗ ಹೇಳುತ್ತೇನೆ.

ಮೂರನೇ ತಿಂಗಳು ಮೇಡಂ ಇಪ್ಪತ್ತನಾಲ್ಕು ಗಂಟೆಯ ಮೂತ್ರ ಹಿಡಿದು ತನ್ನಿ ಅಂದರು. ಕಿಡ್ನಿಯಿಂದ ದಿನಕ್ಕೆ ಎಷ್ಟು ಪ್ರೋಟೀನ್ ಸೋರಿ ಹೋಗುತ್ತಿದೆ ಅಂತ ಅದರಲ್ಲಿ ಗೊತ್ತಾಗುತ್ತದೆ. ಔಷಧಿ ನಾಟಿದೆಯೋ ಇಲ್ಲವೋ ಅಂತ ತೀರ್ಮಾನವಾಗುವುದೂ ಅದರಲ್ಲೇ. ಲ್ಯಾಬಿನವರು ದೊಡ್ಡ ಪ್ಲಾಸ್ಟಿಕ್ ಕ್ಯಾನ್ ಕೊಟ್ಟರು. ಬೆಳಿಗ್ಗೆ ಎದ್ದ ಮೊದಲನೆಯದನ್ನು ಬಿಟ್ಟು, ಆಮೇಲಿನದೆಲ್ಲ ಮಾರನೇ ಬೆಳಿಗ್ಗೆಯವರೆಗೆ ಒಂದು ತೊಟ್ಟೂ ಬಿಡದೆ ತುಂಬಿ ಅಂದರು.

ರಜ ಹಾಕಬೇಕಿತ್ತು. ಹಾಕಲಿಲ್ಲ. ಕ್ಯಾನ್ ಕಾಯುತ್ತಾ ಮನೆಯಲ್ಲಿ ಕೂರುವುದಕ್ಕೆ ನನ್ನಿಂದ ಆಗುತ್ತಿರಲಿಲ್ಲ. ಹೇಗೂ ಡ್ಯೂಟಿಯಲ್ಲಿ ನಾನು ಹೋಗುವವಳೇ ಅಲ್ಲವಲ್ಲ, ಬೆಳಿಗ್ಗೆ ಮನೆಯಲ್ಲಿ, ಮಧ್ಯಾಹ್ನ ಬಂದ ಮೇಲೆ ಮನೆಯಲ್ಲಿ, ಬಿಟ್ಟುಹೋಗುವುದಾದರೂ ಏನು ಅಂತ ಲೆಕ್ಕ ಹಾಕಿದೆ. ಹದಿಮೂರು ವರ್ಷದ ಜಂಬದ ಲೆಕ್ಕ ಅದು. ಬಾವು ಇಳಿಯಲಿ ಅಂತ ಕೊಟ್ಟಿದ್ದ ನೀರಿಳಿಸುವ ಮಾತ್ರೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ.

ಯಶವಂತಪುರಕ್ಕೆ ಬರುವಷ್ಟರಲ್ಲಿ ತಡೆಯಲಾಗಲಿಲ್ಲ. ಬಸ್ ನಿಲ್ದಾಣದ ಶೌಚಾಲಯಕ್ಕೆ ಓಡಿದೆ. ವಾಪಸು ಬರುವಾಗ ವಿಜಯನಗರದಲ್ಲಿ ಇನ್ನೊಂದು ಸಲ. ಎರಡು ಸಲ. ಮನೆಗೆ ಬಂದು ಕ್ಯಾನ್ ನೋಡಿದೆ, ಮಹಾ ಎರಡು ಸಲಕ್ಕೆ ಏನಾಗಿಬಿಡುತ್ತದೆ ಅಂದುಕೊಂಡೆ. ಮತ್ತೆ ಮೊದಲಿಂದ ಶುರುಮಾಡಿದರೆ ಇನ್ನೊಂದು ದಿನ, ಇನ್ನೊಂದು ಕ್ಯಾನ್, ಇನ್ನೊಂದು ಸಲ ಕಾಯುವುದು. ಬೆಳಿಗ್ಗೆ ಲ್ಯಾಬಿಗೆ ಕೊಟ್ಟೆ. ಪೂರ್ತಿ ಹಿಡಿದಿರಾ ಅಂತ ಲ್ಯಾಬಿನವರು ಕೇಳಿದರು. ಹೂಂ ಅಂದೆ. ವಾರದ ನಂತರ ಮೇಡಮ್ಮೂ ಅದನ್ನೇ ಕೇಳಿದರು. ಅವರಿಗೂ ಹೂಂ ಅಂದೆ.

ರಿಪೋರ್ಟಿನಲ್ಲಿ ಸೋರಿಕೆ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಮೇಡಂ ನಕ್ಕಿದ್ದು ನಾನು ಮೊದಲ ಸಲ ನೋಡಿದ್ದು ಆವತ್ತು. ಔಷಧಿ ಸರಿಯಾದ ಕಡೆಗೇ ತಾಗುತ್ತಿದೆ, ಸ್ಟೀರಾಯ್ಡ್ ಬೇಗ ಬೇಗ ಇಳಿಸೋಣ ಅಂದರು. ಮನೆಯಲ್ಲಿ ಅತ್ತೆ ಒಬ್ಬಟ್ಟು ಮಾಡಿದರು, ಹೂರಣ ತಾವೇ ರುಬ್ಬಿದರು. ನಾಗರಾಜು ಸ್ಕೂಟರಿನಲ್ಲಿ ನನ್ನನ್ನು ಕೂರಿಸಿಕೊಂಡು ಜ್ಞಾನಭಾರತಿಯ ಮರಗಳ ನಡುವೆ ಒಂದು ಸುತ್ತು ಹಾಕಿಸಿದರು. ಆ ಮರಗಳ ಕೆಳಗೆ ಅವರು ಹಾಡು ಗುನುಗುತ್ತಿದ್ದರು. ಮದುವೆಯಾದ ಮೇಲೆ ಅವರು ಗುನುಗಿದ್ದು ನಾನು ಕೇಳಿರಲಿಲ್ಲ. ಆ ಎರಡು ಸಲದ ನೆನಪು ಬಂತು, ನುಂಗಿಕೊಂಡೆ.

ಒಂದೂವರೆ ತಿಂಗಳಿಗೆ ಚಪ್ಪಲಿಯ ಪಟ್ಟಿ ಮತ್ತೆ ಬಿಗಿಯಾಯಿತು. ಬೆಳಿಗ್ಗೆ ಎದ್ದರೆ ರೆಪ್ಪೆ ಊದಿರುತ್ತಿತ್ತು. ನೊರೆ ಮತ್ತೆ ಬಂತು. ಅತ್ತೆ ನೋಡುವ ಮೊದಲೇ ಬಕೆಟ್ಟು ನೀರು ಹೊಯ್ಯುತ್ತಿದ್ದೆ. ಆಸ್ಪತ್ರೆಗೆ ಹೋದ ದಿನ ಟೋಕನ್ ನಂಬರು ನಲವತ್ತೊಂದು. ಗೋಡೆಯ ಮೇಲಿನ ಕೆಂಪು ಅಂಕಿ ಹನ್ನೆರಡರಲ್ಲೇ ನಿಂತಿತ್ತು. ನಾನು ಕಾರಿಡಾರಿನ ಈ ತುದಿಯಿಂದ ಆ ಡಯಾಲಿಸಿಸ್ ಬೋರ್ಡಿನವರೆಗೆ ನಡೆದೆ, ವಾಪಸ್ ಬಂದೆ, ಮತ್ತೆ ನಡೆದೆ. ಸೆಕ್ಯೂರಿಟಿಯವನು ಒಂದು ಕಡೆ ಕೂತ್ಕೊಳ್ಳಿ ಆಂಟಿ, ನೋಡೋರಿಗೆ ತಲೆ ಸುತ್ತುತ್ತೆ ಅಂದ. ಎರಡು ನಿಮಿಷ ಕೂತೆ. ಪಕ್ಕದಲ್ಲಿ ಒಬ್ಬ ಅಜ್ಜಿ ಏನೂ ಕೇಳದೆ ತಮ್ಮ ಡಬ್ಬಿಯಿಂದ ಮಂಡಕ್ಕಿ ತೆಗೆದು ನನ್ನ ಅಂಗೈಗೆ ಹಾಕಿದರು. ತಿನ್ನುತ್ತಾ ಅಳು ಬಂತು.

ಒಳಗೆ ಮೇಡಂ ಹೊಸ ರಕ್ತ ಪರೀಕ್ಷೆಯನ್ನು ಹಳೆಯದರ ಪಕ್ಕ ಇಟ್ಟು ನೋಡಿದರು. ಕಿಡ್ನಿಯ ಕೆಲಸ ಇಳಿಯತೊಡಗಿತ್ತು. ಅವರಿಗೆ ಅರ್ಥವಾಗದೆ ಇದ್ದದ್ದು ಒಂದೇ: ಅಷ್ಟು ಚೆನ್ನಾಗಿ ನಾಟಿದ ಔಷಧಿ ಯಾಕೆ ಕೈಕೊಟ್ಟಿತು? ಸ್ಟೀರಾಯ್ಡ್ ಬೇಗ ಇಳಿಸಿದ್ದೇ ತಪ್ಪಾಯಿತೇನೋ ಅಂತ ತಮ್ಮನ್ನೇ ಬೈದುಕೊಂಡರು. ಒಮ್ಮೆ ಕೆಲಸ ಮಾಡಿದ ಔಷಧಿ, ಅದನ್ನೇ ಮತ್ತೆ ಹೆಚ್ಚಿಸಿ ಮೂರು ತಿಂಗಳು ನೋಡೋಣ ಅಂದರು. ಚೀಟಿ ಬರೆದರು. ನಾನು ಚೀಟಿ ಹಿಡಿದು ಹೊರಗೆ ಬಂದೆ.

ಔಷಧಿ ಅಂಗಡಿಯ ಸಾಲಿನ ತನಕ ಹೋದೆ. ಮೂರು ತಿಂಗಳು. ಅವರು ಆ ಮೂರು ತಿಂಗಳು ಕೊಟ್ಟದ್ದು ನನ್ನ ಸುಳ್ಳು ಹೂಂ ಅನ್ನು ನಂಬಿ. ಔಷಧಿ ಆಗಲೂ ನಾಟಿರದಿದ್ದರೆ? ನಾನು ಆ ಮೂರು ತಿಂಗಳು ನಾಟದ ಔಷಧಿ ನುಂಗುತ್ತಾ ಇರುತ್ತೇನೆ, ಒಳಗೆ ಯಾರೋ ನನ್ನ ಕಿಡ್ನಿ ತಿನ್ನುತ್ತಾ ಇರುತ್ತಾರೆ. ಹೇಳಿದರೆ ಈ ಮೇಡಂ ಇನ್ನು ನನ್ನ ಮುಖ ನೋಡುತ್ತಾರೆಯೇ? ಗಂಡನಿಗೆ ಏನು ಹೇಳಲಿ? ಸಾಲಿನಲ್ಲಿ ಹಿಂದಿನವರು ಮುಂದೆ ಹೋಗಿ ಅಂದರು. ನಾನು ತಿರುಗಿ ನಡೆದೆ. ನಡೆದೆ ಅಂದರೆ ಓಡಿದೆ. ಸೆಕ್ಯೂರಿಟಿಯವನು ತಡೆಯುವಷ್ಟರಲ್ಲಿ ಬಾಗಿಲು ತಳ್ಳಿ ಒಳಗೆ ನುಗ್ಗಿದೆ. ನಲವತ್ತೆರಡನೇ ನಂಬರಿನವರು ಬಾಯಿ ತೆರೆದು ನಾಲಿಗೆ ತೋರಿಸುತ್ತಾ ಕೂತಿದ್ದರು.

“ಮೇಡಂ, ಆವತ್ತು ನಾನು ಪೂರ್ತಿ ಹಿಡಿದಿರಲಿಲ್ಲ. ಡ್ಯೂಟಿಗೆ ಹೋಗಿದ್ದೆ. ಎರಡು ಸಲ ಹೊರಗೆ ಹೋಗಿಬಿಟ್ಟೆ. ನಿಮಗೆ ಸುಳ್ಳು ಹೇಳಿದೆ.”

ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ರೋಗಿಯನ್ನು ಸ್ವಲ್ಪ ಹೊರಗೆ ಕೂರಿ ಅಂದು, ಕಂಪ್ಯೂಟರಿನಲ್ಲಿ ಹಳೆಯ ರಿಪೋರ್ಟ್ ತೆಗೆದರು. ಸೋರಿಕೆಯ ಸಾಲಿನ ಕೆಳಗೆ ಇನ್ನೊಂದು ಸಾಲಿತ್ತು, ಕ್ರಿಯಾಟಿನಿನ್. ನನ್ನಷ್ಟು ಮೈಕಟ್ಟಿನವಳ ದೇಹ ದಿನಕ್ಕೆ ಹೊರಹಾಕುವ ಆ ವಸ್ತು ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿರುತ್ತದಂತೆ. ನನ್ನ ಕ್ಯಾನಿನಲ್ಲಿ ಅದು ತೀರಾ ಕಡಿಮೆ ಇತ್ತು. ಕ್ಯಾನ್ ಪೂರ್ತಿಯಿಲ್ಲ ಅಂತ ಆ ಸಾಲು ಮೊದಲೇ ಹೇಳಿತ್ತು.

“ಇದನ್ನ ನಾನು ನೋಡಿದ್ದೆ,” ಅಂದರು ಮೇಡಂ. “ನೋಡಿಯೂ ನಿಮ್ಮ ಮಾತು ನಂಬಿದೆ. ಒಳ್ಳೇ ಸುದ್ದಿ ನನಗೂ ಬೇಕಾಗಿತ್ತು.”

ಆಮೇಲೆ ಅವರು ನಾನು ಕೈಯಲ್ಲಿ ಹಿಡಿದಿದ್ದ ಚೀಟಿಯನ್ನು ತೆಗೆದುಕೊಂಡು ಹರಿದರು. ಅಂದರೆ ಆ ಔಷಧಿ ಯಾವತ್ತೂ ನಾಟಿಯೇ ಇರಲಿಲ್ಲವೇನೋ, ಅದನ್ನು ಹೆಚ್ಚಿಸಿ ಕಾಯುವುದರಲ್ಲಿ ಅರ್ಥವಿಲ್ಲ, ಯಾವ ಕೋಶ ಅಂತ ಹುಡುಕಲೇಬೇಕು ಅಂದರು. ಇನ್ನೊಂದು ಬಯಾಪ್ಸಿ. ಈ ಸಲ ತೆಗೆದ ಚೂರಿಗೆ ಬೇರೆ ಬೇರೆ ಬಣ್ಣ ಹಾಕಿ ಕಿಡ್ನಿಯೊಳಗೆ ಯಾರು ಯಾರು ಸೇರಿಕೊಂಡಿದ್ದಾರೆ ಅಂತ ನೋಡುತ್ತಾರಂತೆ. ಚೆಕಿಂಗ್‌ನವರು ಹತ್ತಿದ ಹಾಗೆ ಅಂದೆ. ಅವರಿಗೆ ಅರ್ಥವಾಗಲಿಲ್ಲ. ಬಸ್ಸಿನಲ್ಲಿ ಐವತ್ತು ಜನರಿದ್ದಾಗ ಎಲ್ಲರನ್ನೂ ಇಳಿಸಿದರೆ ಗಾಡಿಯೇ ನಿಂತುಹೋಗುತ್ತೆ ಮೇಡಂ, ಟಿಕೆಟ್ ಇಲ್ಲದವರು ಯಾರು ಅಂತ ನೋಡಿ ಅವರನ್ನೇ ಇಳಿಸಬೇಕು, ಅಂತ ವಿವರಿಸಿದೆ. ಅಷ್ಟೇ ಅಂದುಕೊಳ್ಳಿ, ಆದರೆ ಕೆಲವು ಸಲ ಒಬ್ಬರಲ್ಲ, ಒಂದು ಗುಂಪೇ ಇರುತ್ತದೆ ಅಂದರು.

ಮನೆಯಲ್ಲಿ ಹೇಳುವುದು ಅದಕ್ಕಿಂತ ಕಷ್ಟವಾಯಿತು. ನಾಗರಾಜು ಎದ್ದು ಸ್ಕೂಟರಿನ ಹತ್ತಿರ ಹೋದರು, ಆದರೆ ಚಕ್ರ ಬಿಚ್ಚಲಿಲ್ಲ, ಸುಮ್ಮನೆ ಸೀಟಿನ ಮೇಲೆ ಕೈಯಿಟ್ಟು ನಿಂತರು. ಆವತ್ತೇ ನನಗೊಂದು ಫೋನು ಮಾಡಿದ್ದರೆ ಮನೆಯಲ್ಲಿ ಇನ್ನೊಂದು ದಿನ ನಾನೇ ನಿನ್ನ ಜೊತೆ ಕೂರುತ್ತಿದ್ದೆನಲ್ಲ ಅಂದರು. ಅಷ್ಟು ಉದ್ದದ ವಾಕ್ಯ ಅವರು ಆಡಿದ್ದೇ ನನಗೆ ಏಟು ಬಿದ್ದ ಹಾಗಾಯಿತು. ಅತ್ತೆಯ ಮುಂದೆ ತಲೆಯೆತ್ತಲಿಲ್ಲ. ಅಷ್ಟು ಖುಷಿಯಲ್ಲಿ ಒಬ್ಬಟ್ಟು ಮಾಡಿದಿರಿ, ಎಲ್ಲ ಸುಳ್ಳಾಯಿತು ಅಂದೆ.

“ತಿಂದಿದ್ದು ತಿಂದಾಯ್ತು ಕಣವ್ವ, ಅದನ್ನ ವಾಪಸ್ ಕೊಡಕ್ಕಾದದಾ? ನಿಜವಾಗ್ಲೂ ಇಳಿದ ದಿನ ಇನ್ನೊಂದ್ ಸಲ ಮಾಡ್ತೀನಿ. ಬೇಳೆ ಏನ್ ಮುಗಿದೋಗಿಲ್ಲ.”

ಎರಡನೇ ಬಯಾಪ್ಸಿಯ ದಿನ ಅತ್ತೆ ಸ್ಟೂಲು ತಾವೇ ಹುಡುಕಿಕೊಂಡು ಬಂದು ಕಣಕಾಲು ಹಿಡಿದು ಕೂತರು. ಸಂಶೋಧನೆ ಮಾಡುವ ಒಬ್ಬ ಮೇಡಂ ಬಂದು, ಉಳಿದ ಚೂರು ಮತ್ತು ಸ್ವಲ್ಪ ರಕ್ತ ನಮಗೂ ಕೊಡುತ್ತೀರಾ ಅಂತ ಕೇಳಿದರು. ಯಾರ ಕಿಡ್ನಿಯಲ್ಲಿ ಯಾವ ಕೋಶ ತಪ್ಪು ಮಾಡುತ್ತದೆ ಅಂತ ಮೊದಲೇ ಗೊತ್ತಾದರೆ, ಮುಂದೆ ಬರುವವರು ನನ್ನ ಹಾಗೆ ನಾಟದ ಔಷಧಿಯಲ್ಲಿ ತಿಂಗಳು ಕಳೆಯಬೇಕಾಗಿಲ್ಲ ಅಂದರು. ಇದರಿಂದ ನಿಮಗೆ ನೇರವಾಗಿ ಲಾಭವಿಲ್ಲ ಅಂತಲೂ ಮುಚ್ಚುಮರೆಯಿಲ್ಲದೆ ಹೇಳಿದರು. ಮಲಗಿದ್ದಲ್ಲೇ ಸಹಿ ಹಾಕಿದೆ. ಸಹಿ ವಕ್ರವಾಯಿತು.

ಹತ್ತು ದಿನ ಕಾದೆವು. ಆ ಹತ್ತು ದಿನದಲ್ಲಿ ನಾನು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎರಡು ಸಲ ತೊಳೆದೆ, ಅತ್ತೆಯ ಹಳೆಯ ಸೀರೆಗಳನ್ನೆಲ್ಲ ಬಿಚ್ಚಿ ಮತ್ತೆ ಮಡಿಸಿದೆ. ಡ್ಯೂಟಿಯಲ್ಲಿ ಇಲ್ಲದ ಸ್ಟಾಪಿಗೂ ಸೀಟಿ ಊದಿದೆ ಅಂತ ಬಸವರಾಜ ಹೇಳುತ್ತಾರೆ. ಕೊನೆಗೆ ಮೇಡಂ ಕರೆದು ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿದರು. ತಿಳಿ ನೀಲಿ ಹಿನ್ನೆಲೆ, ನಡುವೆ ಕಂದು ಬಣ್ಣದ ಚುಕ್ಕೆಗಳ ಒಂದು ಗುಂಪು. ಸಂತೆ ನೆರೆದ ಹಾಗೆ ಒಂದೇ ಕಡೆ ಮುತ್ತಿಕೊಂಡಿದ್ದವು.

“ಇವೇ. ಬಿ ಕೋಶಗಳು. ನಾವು ಕೊಟ್ಟ ಔಷಧಿಗೆ ಇವು ಅಷ್ಟಾಗಿ ಜಗ್ಗಿಲ್ಲ. ಇವನ್ನ ಗುರುತು ಹಿಡಿದು ತೆಗೆಯೋ ಇಂಜೆಕ್ಷನ್ ಇದೆ. ನಾಟೇ ನಾಟುತ್ತೆ ಅಂತ ಮಾತು ಕೊಡಲ್ಲ, ಆದರೆ ಈ ಸಲ ಕತ್ತಲಲ್ಲಿ ಕಲ್ಲು ಹೊಡೀತಿಲ್ಲ.”

ನಾನು ಆ ಚುಕ್ಕೆಗಳನ್ನೇ ನೋಡುತ್ತಾ ಕೂತೆ. ಆರೇಳು ತಿಂಗಳು ನನ್ನನ್ನು ತಿಂದವರ ಮುಖ ನೋಡಿದ ಹಾಗಿತ್ತು. ಸಿಟ್ಟು ಬಂತು, ಹಿಂದೆಯೇ ಏನೋ ಹಗುರವೂ ಆಯಿತು. ಎದ್ದು ಹೋಗಬೇಕು ಅಂತ ಅನಿಸಲಿಲ್ಲ.

ಇಂಜೆಕ್ಷನ್ ಹದಿನೈದು ದಿನದ ಅಂತರದಲ್ಲಿ ಎರಡು ಸಲ, ಹನಿ ಹನಿಯಾಗಿ ಐದಾರು ಗಂಟೆ. ಮೊದಲ ಸಲ ಚಳಿ ಬಂದು ಹಲ್ಲು ಕಟಕಟಿಸಿತು, ನರ್ಸು ಹನಿ ನಿಧಾನ ಮಾಡಿ ಕಂಬಳಿ ಹೊದಿಸಿದರು. ಸೋಂಕು ತಗಲೀತು ಅಂತ ಎರಡು ತಿಂಗಳು ಬಸ್ಸು ಬೇಡ ಅಂದರು. ಆ ಎರಡು ತಿಂಗಳನ್ನು ಹೇಗೆ ಕಳೆದೆ ಅಂತ ಅತ್ತೆಯನ್ನು ಕೇಳಿ, ಅವರು ಇವತ್ತಿಗೂ ಕೈಮುಗಿಯುತ್ತಾರೆ. ಆಮೇಲೆ ಮಾಸ್ಕ್ ಹಾಕಿಕೊಂಡು ರೂಟಿಗೆ ಮರಳಿದೆ. ನಾಲ್ಕನೇ ತಿಂಗಳು ಮೇಡಂ ಮತ್ತೆ ಅಂದರು: ಇಪ್ಪತ್ತನಾಲ್ಕು ಗಂಟೆಯದು ಹಿಡಿದು ತನ್ನಿ.

ರಜ ಹಾಕು ಅಂತ ಎಲ್ಲರೂ ಹೇಳಿದರು. ರಜವೂ ಇತ್ತು. ಆದರೆ ನನ್ನ ಮನಸ್ಸು ಒಪ್ಪಲಿಲ್ಲ. ಎಲ್ಲಿ ತಪ್ಪು ಮಾಡಿದ್ದೆನೋ ಅಲ್ಲಿಯೇ ಸರಿಮಾಡಬೇಕು ಅಂತ ಒಂದು ಹಟ, ಜೊತೆಗೆ ಮನೆಯಲ್ಲಿ ಕೂರಲಾಗದ ನನ್ನ ಹಳೆಯ ರೋಗ. ಲ್ಯಾಬಿನವರಿಂದ ಎರಡು ಸಣ್ಣ ಕ್ಯಾನ್ ಕೇಳಿ ತಂದೆ. ಅತ್ತೆ ಒಂದಕ್ಕೆ ಹಳೆಯ ಟವೆಲು ಸುತ್ತಿ, ನಡುವೆ ತಣ್ಣೀರಿನ ಬಾಟಲಿ ಇಟ್ಟು, ವೈರು ಬುಟ್ಟಿಗೆ ಹಾಕಿಕೊಟ್ಟರು. ಬೆಳಿಗ್ಗೆ ಗಾಡಿ ಹೊರಡುವ ಮೊದಲು ಬಸವರಾಜರಿಗೆ ಹೇಳಬೇಕಾಯಿತು. ಪರ ಗಂಡಸಿಗೆ ಇಂಥದ್ದನ್ನು ಹದಿಮೂರು ವರ್ಷದಲ್ಲಿ ನಾನು ಹೇಳಿದವಳಲ್ಲ. ನೆಲ ನೋಡುತ್ತಾ ಹೇಳಿದೆ: ಇವತ್ತು ನೀರು ಕುಡೀತೀನಿ, ದಾರೀಲಿ ಎಲ್ಲಿ ಬೇಕಾದ್ರೂ ನಿಲ್ಲಿಸಬೇಕಾಗಬಹುದು, ಈ ಬುಟ್ಟಿ ಜೊತೆ ಇಳೀತೀನಿ.

“ನಿಲ್ಲಸೋಣಂತ ಬಿಡ್ರೀ ಅಕ್ಕಾರ. ನನ್ನ ಹೇಣ್ತಿಗೂ ಬಸರಿದ್ದಾಗ ಹಿಂಗ ಕ್ಯಾನ್ ಕೊಟ್ಟಿದ್ರು. ನಾಚಿಕಿ ಯಾತರದು?”

ಆವತ್ತು ನಾನು ಬಸ್ಸಿನಲ್ಲಿ ನೀರು ಕುಡಿದೆ. ಎಲ್ಲರೆದುರು, ಬಾಟಲಿಯೆತ್ತಿ ಗಟಗಟ ಕುಡಿದೆ. ಯಶವಂತಪುರದಲ್ಲಿ ಬುಟ್ಟಿ ಹಿಡಿದು ಶೌಚಾಲಯಕ್ಕೆ ಹೋಗಿ ಬಂದೆ, ಸುಲಭವಾಯಿತು. ಕಷ್ಟವಾದದ್ದು ವಾಪಸು ಬರುವಾಗ. ಬಸವೇಶ್ವರನಗರ ದಾಟಿ ಟ್ರಾಫಿಕ್ ನಿಂತುಬಿಟ್ಟಿತು. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ವಿಜಯನಗರದವರೆಗೆ ತಡೆದೇನು ಅಂತ ನೋಡಿದೆ, ಆಗಲಿಲ್ಲ. ಸ್ವಲ್ಪ ಮುಂದೆ ಎಡಗಡೆ ಪೆಟ್ರೋಲ್ ಬಂಕ್ ಕಂಡಿತು. ನಾನು ಸೀಟಿ ಊದಿದೆ. ಸ್ಟಾಪ್ ಅಲ್ಲದ ಜಾಗ. ಬಸವರಾಜ ಕನ್ನಡಿಯಲ್ಲಿ ನನ್ನನ್ನು ನೋಡಿ, ಇಂಡಿಕೇಟರ್ ಹಾಕಿ, ಬಂಕಿನ ಬದಿಗೆ ಗಾಡಿ ಒತ್ತಿ ನಿಲ್ಲಿಸಿದರು.

ಜನ ಶುರುಮಾಡಿದರು. ಯಾಕ್ ನಿಲ್ಸಿದ್ರಿ, ಆಫೀಸಿಗೆ ಲೇಟಾಗುತ್ತೆ, ಗಾಡಿ ಕೆಟ್ಟಿದ್ಯಾ. ನಾನು ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಮುಖ ಕಾದ ಹಂಚಿನ ಹಾಗಾಗಿತ್ತು. ಬಸವರಾಜ ಇಂಜಿನ್ ಆರಿಸಿ, ಸೀಟಿನಿಂದ ತಿರುಗಿ, ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದರು:

“ನಮ್ಮ ಅಕ್ಕಾರಿಗೆ ಆರಾಮಿಲ್ಲರಿ, ಡಾಕ್ಟರ್ ಹೇಳ್ಯಾರ. ಐದು ಮಿನಿಟು. ಹೋಗಿ ಬರ್ರಿ ಅಕ್ಕಾರ, ಗಾಡಿ ಎಲ್ಲಿಗೂ ಹೋಗಂಗಿಲ್ಲ.”

ಬಾಗಿಲ ಪಕ್ಕದ ಸೀಟಿನಲ್ಲಿ ಒಬ್ಬ ಹೆಂಗಸಿದ್ದಳು, ಸ್ವಲ್ಪ ಮುಂಚೆ ತಾನೇ ಸೊನ್ನೆ ಟಿಕೆಟ್ ವಿಷಯಕ್ಕೆ ನನ್ನ ಕೈಯಲ್ಲಿ ಬೈಸಿಕೊಂಡವಳು. ಅವಳು ಕೈ ಚಾಚಿ ನನ್ನ ಟಿಕೆಟ್ ಮೆಷಿನ್ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು. ಬಿದ್ದರೆ ಕಷ್ಟ ಮೇಡಂ, ನಾನು ನೋಡ್ಕೊತೀನಿ, ಹೋಗಿ ಅಂದಳು. ನಾನು ಬುಟ್ಟಿ ಹಿಡಿದು ಬಂಕಿನೊಳಗೆ ಹೋದೆ. ಅವಸರ ಮಾಡಲಿಲ್ಲ. ಒಂದು ತೊಟ್ಟೂ ಬಿಡಲಿಲ್ಲ. ವಾಪಸು ಬಂದಾಗ ಐವತ್ತು ಜನ ಹಾಗೇ ಕೂತು, ನಿಂತು, ನನಗಾಗಿ ಕಾಯುತ್ತಿದ್ದರು. ನನಗಾಗಿ ಯಾರಾದರೂ ಕಾದದ್ದು ಅದೇ ಮೊದಲು.

ವಾರದ ಮೇಲೆ ಮೇಡಂ ರಿಪೋರ್ಟ್ ತೆರೆದರು. ಈ ಸಲ ಅವರ ಬೆರಳು ಮೊದಲು ಹೋದದ್ದು ಕೆಳಗಿನ ಸಾಲಿಗೆ, ಕ್ರಿಯಾಟಿನಿನ್ ಸಾಲಿಗೆ. ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಮೇಲಿನ ಸಾಲಿಗೆ ಏರಿತು. ನಾನು ಕುರ್ಚಿಯ ತುದಿಯಲ್ಲಿದ್ದೆ, ಪಕ್ಕದಲ್ಲಿ ನಾಗರಾಜು ನನ್ನ ಮಣಿಕಟ್ಟು ಹಿಡಿದಿದ್ದರು. ಸೋರಿಕೆ ಪೂರ್ತಿ ನಿಂತಿಲ್ಲ, ಹಿಂದೆ ನಾನು ಸುಳ್ಳಾಗಿ ತಂದ ಅಂಕಿಗಿಂತ ಒಂಚೂರು ಹೆಚ್ಚೇ ಇದೆ, ಆದರೆ ಔಷಧಿ ಬದಲಿಸಿದಾಗ ಇದ್ದದ್ದರಲ್ಲಿ ಕಾಲು ಭಾಗಕ್ಕೆ ಬಂದ ಹಾಗೆ ಕಾಣುತ್ತದೆ, ರಕ್ತದಲ್ಲೂ ಕಿಡ್ನಿ ಹಿಡಿದುಕೊಂಡಿದೆ ಅಂದರು. ಅಂದು, ಪೆನ್ನು ಕೆಳಗಿಟ್ಟು ನನ್ನ ಕಣ್ಣಿಗೆ ಕಣ್ಣಿಟ್ಟು ನೋಡಿದರು.

“ಕೇಳಲೇಬೇಕು, ತಪ್ಪು ತಿಳ್ಕೋಬೇಡಿ. ಪೂರ್ತಿ ಹಿಡಿದ್ರಾ?”

“ಹಿಡಿದೆ ಮೇಡಂ,” ಅಂದೆ. “ಒಂದು ಬಸ್ಸಿನ ಜನ ಸಾಕ್ಷಿ ಇದ್ದಾರೆ.”